ಊರು ಆರಿಸುವ ಮೊದಲು ದಿನ ಎಣಿಸಿ

ಜೂನ್ ಮಳೆಗೆ ಗೋವಾದಲ್ಲಿ ಕರೆಂಟು ಹೋಗುವುದು ಸುದ್ದಿಯೇನಲ್ಲ. ಮಡಗಾಂವದ ನಮ್ಮ ಮನೆಯಲ್ಲಿ ಅಂದು ಮೂರನೆಯ ಸಲ ಹೋದಾಗ, ಪುಣೆಯಿಂದ ಬಂದಿದ್ದ ನನ್ನ ಸೋದರಳಿಯ ಇನ್ವರ್ಟರ್ ಪಕ್ಕಕ್ಕೇ ಚಾಪೆ ಹಾಸಿಕೊಂಡು ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಹಿಂಜವಡಿಯ ಕಂಪನಿ ಬಿಟ್ಟು ವರ್ಷವಾಗಿದೆ. ಈಗ ಬರ್ಲಿನ್ನಿನ ಒಂದು ಸಂಸ್ಥೆಗೆ ಗುತ್ತಿಗೆಯ ಮೇಲೆ ಕೆಲಸ. ಆಫೀಸಿಗೆ ಹೋಗುವ ಗೋಜಿಲ್ಲ, ಹಾಗಾಗಿ ವಾಕಡ್‌ನ ಬಾಡಿಗೆ ಮನೆಯಲ್ಲೇ ಯಾಕೆ ಇರಬೇಕು ಅನ್ನುವ ಪ್ರಶ್ನೆ ಹುಟ್ಟಿದೆ. ಎಕ್ಸೆಲ್ ಹಾಳೆಯಲ್ಲಿ ಹನ್ನೊಂದು ಊರುಗಳ ಪಟ್ಟಿ: ಮನೆ ಬಾಡಿಗೆ, ಇಂಟರ್ನೆಟ್ ವೇಗ, ಒಂದು ಕಪ್ ಕಾಫಿಯ ಬೆಲೆ.

"ಮಾಮಾ, ಲಿಸ್ಬನ್ ಛಲೋ ಕಾಣಸ್ತದ ನೋಡ್ರಿ. ಇಲ್ಲಾಂದ್ರ ಬಾಲಿ."

"ಎಷ್ಟ ದಿನ ಇರಾಂವ?"

"ಮನಸಿಗೆ ಬಂದಷ್ಟ ದಿನ."

ಹನ್ನೊಂದು ಊರಿಗೂ ಕಾಫಿಯ ಬೆಲೆ ಬರೆದುಕೊಂಡವನು ದಿನಗಳಿಗೆ ಒಂದು ಕಾಲಂ ಕೂಡ ಹಾಕಿರಲಿಲ್ಲ. ನಾನು ಧಾರವಾಡ ಬಿಟ್ಟು ಗೋವಾ ಸೇರಿ ತೆರಿಗೆ ರಿಟರ್ನ್ ತುಂಬುವ ಕೆಲಸ ಹಿಡಿದು ಇಪ್ಪತ್ತು ವರ್ಷದ ಮೇಲಾಯಿತು. ನನ್ನ ಹತ್ತಿರ ಬರುವವರಲ್ಲಿ ಹಡಗಿನ ನೌಕರರು ಬಹಳ, ಕೊಂಕಣಿಯಲ್ಲಿ ಅವರನ್ನು ತಾರ್ವಟಿ ಅನ್ನುತ್ತಾರೆ. ಅವರಲ್ಲಿ ಎಸ್ಸೆಸ್ಸೆಲ್ಸಿ ದಾಟದವರೂ ಇದ್ದಾರೆ, ಆದರೆ ಹಡಗು ಹತ್ತಿದ ದಿನ, ಇಳಿದ ದಿನ, ವರ್ಷದಲ್ಲಿ ದೇಶದ ಹೊರಗಿದ್ದದ್ದು ಎಷ್ಟು ದಿನ ಅನ್ನುವುದನ್ನು ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಎರಡು ಡಿಗ್ರಿ ಮಾಡಿದ ನನ್ನ ಅಳಿಯನಿಗೆ ಆ ಲೆಕ್ಕ ಹೊಸದು. ಅವನಿಗೆ ಎರಡು ರಾತ್ರಿ ಕೂತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಒಪ್ಪ ಮಾಡಿ ಬರೆಯುತ್ತಿದ್ದೇನೆ. ದೂರದಿಂದ ಕೆಲಸ ಮಾಡುವವನಿಗೆ ಯಾವ ಪರದೇಶದ ಊರೂ ಬರೀ ಊರಲ್ಲ, ಅದು ಇಷ್ಟು ದಿನದ ಪರವಾನಗಿ. ಆ ದಿನಗಳನ್ನು ಒಬ್ಬರಲ್ಲ, ನಾಲ್ಕೈದು ಕಡೆಯವರು ಎಣಿಸುತ್ತಾರೆ, ಒಬ್ಬೊಬ್ಬರದು ಒಂದೊಂದು ಲೆಕ್ಕ.

ಬಾಗಿಲಲ್ಲಿ ನಿಂತವನ ಎಣಿಕೆ

ಮೊದಲು ಎಣಿಸುವವನು ವಿಮಾನ ನಿಲ್ದಾಣದ ವಲಸೆ ಅಧಿಕಾರಿ. ಪ್ರವಾಸಿ ವೀಸಾದಲ್ಲಿ ಹೋಗಿ ಹೋಟೆಲಿನಲ್ಲಿ ಕೂತು ಲ್ಯಾಪ್‌ಟಾಪ್ ಒತ್ತಿದರೆ ಯಾರಿಗೆ ಗೊತ್ತಾಗುತ್ತದೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಬಹುಪಾಲು ಗೊತ್ತಾಗುವುದಿಲ್ಲ, ನಿಜ. ಆದರೆ ಪ್ರವಾಸಿ ವೀಸಾ ಕೊಡುವುದು ಊರು ನೋಡಲಿಕ್ಕೆ. ದುಡಿಯುವ ಹಕ್ಕು ಅದರಲ್ಲಿ ಇಲ್ಲ. ಆ ಕಾಗದದ ಮೇಲೆ ವರ್ಷದ ಬಾಡಿಗೆ ಕರಾರು, ಬ್ಯಾಂಕ್ ಖಾತೆ ಸಿಗುವುದೂ ಕಷ್ಟ. ಅದು ತೆರಿಗೆ ಲೆಕ್ಕದಲ್ಲಿ ಹೇಗೆ ತಿರುಗಿ ಕಚ್ಚುತ್ತದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಒಂದೇ ವೀಸಾಕ್ಕೆ ಒಪ್ಪಿಕೊಂಡಿರುವ ಯುರೋಪಿನ ಷೆಂಗೆನ್ ದೇಶಗಳ ಲೆಕ್ಕ ನಮ್ಮವರನ್ನು ಬಹಳ ಗೊಂದಲಕ್ಕೆ ಹಾಕುತ್ತದೆ. 180 ದಿನಗಳಲ್ಲಿ 90 ದಿನ ಇರಬಹುದು. ಈ 180 ಜನವರಿಗೆ ಶುರುವಾಗಿ ಜೂನಿಗೆ ಮುಗಿಯುವ ಅವಧಿಯಲ್ಲ. ನೀವು ಅಲ್ಲಿರುವ ಪ್ರತಿಯೊಂದು ದಿನವೂ ಹಿಂದಕ್ಕೆ ತಿರುಗಿ ಕಳೆದ 180 ದಿನ ನೋಡಬೇಕು, ಅದರೊಳಗೆ 90 ಮೀರಿರಬಾರದು. ಲಿಸ್ಬನ್ನಿನಲ್ಲಿ 60 ದಿನ ಇದ್ದು ಆಮೇಲೆ ಪ್ರಾಗ್‌ಗೆ ಹೋದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ, ಎರಡೂ ಒಂದೇ ಚೀಲದ ಕಾಳು. ಹಿಂದೆ ಮುದ್ರೆ ಮಸುಕಾಗಿದ್ದರೆ ಅಧಿಕಾರಿ ಕಣ್ಣು ಕಿರಿದು ಮಾಡಿ ಬಿಟ್ಟುಬಿಡುತ್ತಿದ್ದ. 2025ರ ಅಕ್ಟೋಬರ್ 12ರಿಂದ ಅಲ್ಲಿ ಮುಖಚಿತ್ರ, ಬೆರಳಚ್ಚು ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಈಗ ಎಣಿಸುವುದು ಕಂಪ್ಯೂಟರ್.

ಇದಕ್ಕಿಂತ ಹೆಚ್ಚು ದಿನ ಬೇಕೆಂದವರಿಗಾಗಿಯೇ ಕೊರೊನಾ ಕಾಲದಿಂದ ಈಚೆಗೆ ದೇಶಗಳು ಬೇರೆ ವೀಸಾ ತಂದಿವೆ, 'ಡಿಜಿಟಲ್ ನೊಮ್ಯಾಡ್' ಎಂಬ ಹೆಸರಿನವು. ಡಿಜಿಟಲ್ ಅಲೆಮಾರಿ ಅನ್ನಬಹುದು, ಆದರೆ ನಮ್ಮ ಕಡೆ ಅಲೆಮಾರಿ ಅಂದರೆ ಬರುವ ಚಿತ್ರವೇ ಬೇರೆ. ಹೆಸರಿಗಿಂತ ಷರತ್ತು ಮುಖ್ಯ. ಥಾಯ್ಲೆಂಡ್ 2024ರ ಜುಲೈಯಲ್ಲಿ ತಂದ ಡಿಟಿವಿ ವೀಸಾ 5 ವರ್ಷ ನಡೆಯುತ್ತದೆ, ಆದರೆ ಒಂದು ಸಲ ಒಳಗೆ ಹೋದರೆ 180 ದಿನ. ಕೈಯಲ್ಲಿ 5 ಲಕ್ಷ ಬಾತ್ ಉಳಿತಾಯ ಇದೆಯೆಂದು ತೋರಿಸಬೇಕು. ಮಲೇಷ್ಯಾದ 'ದೆ ರಂತಾವ್' ಪಾಸು 3ರಿಂದ 12 ತಿಂಗಳದು, ಮುಂದೆ ಒಂದು ವರ್ಷ ನವೀಕರಿಸಬಹುದು. ಸಾಫ್ಟ್‌ವೇರ್ ಮುಂತಾದ ತಂತ್ರಜ್ಞಾನದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯ ಸಾಕು, ಉಳಿದ ಕಸುಬಿನವರಿಗೆ 60,000 ಬೇಕು. ಒಂದೇ ದೇಶ, ಒಂದೇ ಪಾಸು, ಕಸುಬು ಬದಲಾದರೆ ಬಾಗಿಲಿನ ಎತ್ತರವೇ ಬದಲು. ಇಂಡೋನೇಷ್ಯಾ ಬಾಲಿಗೆ ಹೋಗುವವರಿಗೆ ಇಟ್ಟಿರುವ ದೂರಕೆಲಸದ ವೀಸಾಕ್ಕೂ 60,000 ಡಾಲರ್. ಪೋರ್ಚುಗಲ್ ತನ್ನ ಕನಿಷ್ಠ ವೇತನದ ನಾಲ್ಕು ಪಟ್ಟು ಕೇಳುತ್ತದೆ. 2025ರಲ್ಲಿ ಆ ವೇತನ 870 ಯೂರೋ ಇತ್ತು, ಅಂದರೆ ತಿಂಗಳಿಗೆ 3,480. ಕನಿಷ್ಠ ವೇತನ ವರ್ಷವರ್ಷ ಏರುವುದರಿಂದ ಈ ಅಂಕಿಯೂ ಏರುತ್ತಲೇ ಇರುತ್ತದೆ. ದುಬೈಗೆ ತಿಂಗಳಿಗೆ 3,500 ಡಾಲರ್. ನಮ್ಮವರ ಕಣ್ಣಿಗೆ ಅಷ್ಟಾಗಿ ಬೀಳದ ಮಾರಿಷಸ್ ಇವೆಲ್ಲಕ್ಕಿಂತ ಉದಾರಿ: ತಿಂಗಳಿಗೆ 1,500 ಡಾಲರ್ ತೋರಿಸಿದರೆ ಒಂದು ವರ್ಷದ ಪ್ರೀಮಿಯಂ ವೀಸಾ, ಶುಲ್ಕವೂ ಇಲ್ಲ. ಮುಂಬಯಿಯಿಂದ ನೇರ ವಿಮಾನ.

ಎರಡು ಹೆಸರು ಅಳಿಯನ ಪಟ್ಟಿಯಿಂದ ಆ ರಾತ್ರಿಯೇ ಹೋದವು. ಒಂದು ಟೋಕಿಯೋ. ಜಪಾನ್ 2024ರಲ್ಲಿ ಇಂಥದ್ದೇ 6 ತಿಂಗಳ ವೀಸಾ ತಂದಿದೆ, ವರ್ಷಕ್ಕೆ 1 ಕೋಟಿ ಯೆನ್ ಆದಾಯ ಬೇಕು, ಅದಿರಲಿ, ಅರ್ಹ ದೇಶಗಳ ಪಟ್ಟಿಯಲ್ಲಿ ಭಾರತವೇ ಇಲ್ಲ. ಇನ್ನೊಂದು ಎಸ್ಟೋನಿಯಾದ ತಾಲಿನ್. ಅವನು ಓದಿಕೊಂಡಿದ್ದದ್ದು 'ಇ-ರೆಸಿಡೆನ್ಸಿ' ಎಂಬುದರ ಬಗ್ಗೆ, ಹೆಸರು ಕೇಳಿದರೆ ವಾಸದ ಹಕ್ಕು ಕೊಟ್ಟಂತೆಯೇ ಅನಿಸುತ್ತದೆ. 2014ರಿಂದ ಆ ದೇಶ ಕೊಡುತ್ತಿರುವ ಆ ಕಾರ್ಡಿನಿಂದ ಅಲ್ಲಿ ಕಂಪನಿ ತೆರೆಯಬಹುದು, ಕಾಗದಪತ್ರಕ್ಕೆ ಡಿಜಿಟಲ್ ಸಹಿ ಹಾಕಬಹುದು. ಅಲ್ಲಿ ಹೋಗಿ ಒಂದು ರಾತ್ರಿ ಮಲಗುವ ಹಕ್ಕೂ ಅದರಿಂದ ಬರುವುದಿಲ್ಲ. ವಾಸಕ್ಕೆ ಬೇರೆ ವೀಸಾ ಇದೆ, 2020ರಲ್ಲಿ ಶುರುವಾದದ್ದು.

ಗೋವಾದಲ್ಲಿದ್ದರೆ ಪಾಸ್‌ಪೋರ್ಟಿನ ಪಾಠ ಬೇರೆ ಯಾರೂ ಹೇಳಬೇಕಿಲ್ಲ. 1961ರ ಡಿಸೆಂಬರ್ 19ಕ್ಕೆ ಮೊದಲು ಇಲ್ಲಿ ಹುಟ್ಟಿದವರು, ಅವರ ಮಕ್ಕಳು ಮೊಮ್ಮಕ್ಕಳು ಪೋರ್ಚುಗಲ್ ಪೌರತ್ವ ಕೇಳಬಹುದು. ಪಣಜಿಯಲ್ಲಿ ಅದಕ್ಕೇ ಕಾನ್ಸುಲೇಟ್ ಇದೆ, ಲಿಸ್ಬನ್ನಿನಲ್ಲಿ ಜನನ ನೋಂದಾಯಿಸಿ ಕೊಡುವ ಏಜೆಂಟರು ಗಲ್ಲಿಗೊಬ್ಬರಿದ್ದಾರೆ. ನಮ್ಮ ಪಕ್ಕದ ಮನೆಯ ಹುಡುಗ ಆ ಪಾಸ್‌ಪೋರ್ಟ್ ಹಿಡಿದವನು. ಅವನಿಗೆ ಬರ್ಲಿನ್, ಪ್ಯಾರಿಸ್, ಲಿಸ್ಬನ್ ಎಲ್ಲ ವಾಸ್ಕೋಗೆ ಹೋದ ಹಾಗೆ. ಅದರ ಬೆಲೆಯಾಗಿ ಭಾರತದ ಪೌರತ್ವ ಬಿಟ್ಟುಕೊಟ್ಟಿದ್ದಾನೆ, ಎರಡನ್ನೂ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ. ನನ್ನ ಅಳಿಯನೂ ಅವನೂ ಒಂದೇ ವಯಸ್ಸು, ಒಂದೇ ಕೆಲಸ, ಬಹುಶಃ ಒಂದೇ ಸಂಬಳ. ಆದರೂ ಅವನು ಬರೆದಿಟ್ಟ 'ಜಗತ್ತಿನ ಹತ್ತು ಒಳ್ಳೆಯ ಊರು' ಪಟ್ಟಿ ಇವನಿಗೆ ಉಪಯೋಗವಿಲ್ಲ. ಇಂಥ ಪಟ್ಟಿ ಓದುವಾಗ ಬರೆದವನ ಪಾಸ್‌ಪೋರ್ಟ್ ಯಾವುದು ಅಂತ ಮೊದಲು ಕೇಳಿಕೊಳ್ಳಿ.

ಚೌತಿ ಮುಗಿಸಿ ಹೊರಡುವುದೋ, ದಸರಾ ಮುಗಿಸಿಯೋ

ಎರಡನೆಯ ಎಣಿಕೆ ತೆರಿಗೆ ಇಲಾಖೆಯದು. ಜನ ಇಲ್ಲೇ ಹೆಚ್ಚು ಎಡವುತ್ತಾರೆ, ಅದಕ್ಕೆ ಇಲ್ಲಿ ಸ್ವಲ್ಪ ನಿಧಾನ.

ಭಾರತದ ಲೆಕ್ಕ ಏಪ್ರಿಲ್ 1ರಿಂದ ಮಾರ್ಚ್ 31. ಈ ಅವಧಿಯಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದರೆ ನೀವು ಆ ವರ್ಷಕ್ಕೆ ನಿವಾಸಿ. ಸದಾ ಇಲ್ಲೇ ಇದ್ದ ಸಾಮಾನ್ಯ ನಿವಾಸಿಗೆ ಜಗತ್ತಿನ ಯಾವ ಮೂಲೆಯಲ್ಲಿ ದುಡಿದ ಹಣಕ್ಕೂ ಇಲ್ಲಿ ತೆರಿಗೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಭಾಷೆ ಸರಳವಾಗಿದೆ, ದಿನಗಳ ಲೆಕ್ಕ ಹಳೆಯದೇ.

ಈಗ ಬೆರಳು ಮಡಚಿ. ಏಪ್ರಿಲ್ 30, ಮೇ 31, ಜೂನ್ 30, ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 30. ಒಟ್ಟು 183. ಅಂದರೆ ಸೆಪ್ಟೆಂಬರ್ ಪೂರ್ತಿ ಇಲ್ಲಿದ್ದು ಅಕ್ಟೋಬರ್ 1ಕ್ಕೆ ವಿಮಾನ ಹತ್ತಿದವನು ಆಗಲೇ ನಿವಾಸಿ, ಮುಂದಿನ ಆರು ತಿಂಗಳು ಎಲ್ಲಿದ್ದರೂ ಸರಿ. ಸೆಪ್ಟೆಂಬರ್ 28ಕ್ಕೆ ಹೊರಟವನ ಲೆಕ್ಕ 181, ಅವನು ಅನಿವಾಸಿ ಆಗಬಲ್ಲ. ನಮ್ಮ ಆಫೀಸಿನಲ್ಲಿ ನಾನು ಇದನ್ನು ಹಬ್ಬದ ಭಾಷೆಯಲ್ಲಿ ಹೇಳುತ್ತೇನೆ: ಸಾಮಾನ್ಯವಾಗಿ ಚೌತಿ ಮುಗಿಸಿ ಹೊರಟವನು ಅನಿವಾಸಿ, ದಸರಾ ಮುಗಿಸಿ ಹೊರಟವನು ನಿವಾಸಿ. ಗೋವಾದವರಿಗೆ ಚೌತಿ ಬಿಟ್ಟು ಹೊರಡುವ ಮನಸ್ಸೇ ಇರುವುದಿಲ್ಲ, ಹಾಗಾಗಿ ಈ ಸೂತ್ರ ಅವರಿಗೆ ಬಹಳ ಹಿಡಿಸುತ್ತದೆ.

'ಆಗಬಲ್ಲ' ಅಂದೆ, 'ಆದ' ಅನ್ನಲಿಲ್ಲ. ಯಾಕೆಂದರೆ ಕಾನೂನಿನಲ್ಲಿ ಇನ್ನೊಂದು ಜಾಲ ಇದೆ. ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವನು ಈ ವರ್ಷ ಬರೀ 60 ದಿನ ಇದ್ದರೂ ನಿವಾಸಿಯೇ. ಇಲ್ಲೇ ಹುಟ್ಟಿ ಬೆಳೆದು ಮೊದಲ ಸಲ ಹೊರಡುವ ಯಾರೂ ಈ ಜಾಲದಿಂದ ತಪ್ಪಿಸಿಕೊಳ್ಳಲಾರರು. ತಪ್ಪಿಸುವುದು ಒಂದು ವಿನಾಯಿತಿ: ಹೊರದೇಶದಲ್ಲಿ ಉದ್ಯೋಗಕ್ಕಾಗಿ ಹೊರಟ ಭಾರತೀಯನಿಗೆ ಆ 60ರ ಜಾಗದಲ್ಲಿ 182. ಸ್ವಂತ ಕಸುಬೂ ಇಲ್ಲಿ ಉದ್ಯೋಗವೇ ಅಂತ ಕೋರ್ಟಿನ ತೀರ್ಪುಗಳಿವೆ. ಆದರೆ ಪ್ರವಾಸಿ ವೀಸಾದ ಮುದ್ರೆ ಹಿಡಿದು 'ಉದ್ಯೋಗಕ್ಕೆ ಹೋಗಿದ್ದೆ' ಅಂತ ಹೇಳುವುದು ಹೇಗೆ? ಆಗ ಹೇಳಿದೆನಲ್ಲ ತಿರುಗಿ ಕಚ್ಚುತ್ತದೆ ಅಂತ, ಅದು ಇಲ್ಲಿ. ಬಾಗಿಲಲ್ಲಿ ಯಾವ ಹೆಸರಿನಿಂದ ಒಳಗೆ ಹೋದಿರೋ ಆ ಹೆಸರನ್ನೇ ತೆರಿಗೆಯವನೂ ನೋಡುತ್ತಾನೆ.

ಅತ್ತ ಕಡೆಯ ದೇಶವೂ ಸುಮ್ಮನೆ ಕೂತಿರುವುದಿಲ್ಲ. ಥಾಯ್ಲೆಂಡಿನಲ್ಲಿ ಜನವರಿಯಿಂದ ಡಿಸೆಂಬರ್ ಒಳಗೆ 180 ದಿನ ಇದ್ದರೆ ಅಲ್ಲಿನ ತೆರಿಗೆ ನಿವಾಸಿ. 2024ರ ಜನವರಿ 1ರಿಂದ ಅಂಥವರು ಹೊರಗಿನ ಗಳಿಕೆಯನ್ನು ದೇಶದೊಳಗೆ ತಂದರೆ ಅದಕ್ಕೂ ತೆರಿಗೆ. ಮಲೇಷ್ಯಾದ್ದು 182 ದಿನ, ಅದೂ ಜನವರಿಯಿಂದ. ಇಂಡೋನೇಷ್ಯಾದ್ದು ಹನ್ನೆರಡು ತಿಂಗಳಲ್ಲಿ 183 ದಿನ ದಾಟಿದರೆ. ನಮ್ಮ ವರ್ಷ ಏಪ್ರಿಲಿಗೆ, ಅವರದು ಜನವರಿಗೆ. ಈ ಮೂರು ತಿಂಗಳ ಅಂತರದಲ್ಲಿ ಒಬ್ಬನೇ ಮನುಷ್ಯ ಎರಡು ಕಡೆಯೂ ನಿವಾಸಿ ಆಗಬಹುದು, ಎರಡು ಕಡೆಯೂ ಆಗದೆ ಇರಬಹುದು.

ಎರಡು ಕಡೆಯೂ ಆದರೆ ಕೈಹಿಡಿಯುವುದು ದೇಶದೇಶಗಳ ನಡುವಿನ ತೆರಿಗೆ ಒಪ್ಪಂದ. ಭಾರತಕ್ಕೆ 90ಕ್ಕೂ ಹೆಚ್ಚು ದೇಶಗಳ ಜೊತೆ ಇದೆ, ನಾನು ಮೇಲೆ ಹೇಳಿದ ದೇಶಗಳೆಲ್ಲ ಅದರಲ್ಲಿವೆ. ಒಪ್ಪಂದದ ಬೇರು ಒಂದೇ ಮಾತು: ಸಂಬಳ ಕೊಟ್ಟವರು ಯಾರು ಎಂಬುದಕ್ಕಿಂತ, ಕೆಲಸ ಎಲ್ಲಿ ಕೂತು ಮಾಡಿದಿರಿ ಎಂಬುದು ಮುಖ್ಯ. ಕೌಲಾಲಂಪುರದ ಕುರ್ಚಿಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆದರೆ ಆ ಗಳಿಕೆ ಮಲೇಷ್ಯಾದಲ್ಲಿ ಹುಟ್ಟಿದ್ದು. ನೌಕರನಾದರೆ ಒಂದು ರಿಯಾಯಿತಿ ಇದೆ. ಅಲ್ಲಿ ಇದ್ದದ್ದು 183 ದಿನದೊಳಗೆ, ಸಂಬಳ ಕೊಟ್ಟ ಕಂಪನಿ ಆ ದೇಶದ್ದಲ್ಲ, ಆ ದೇಶದಲ್ಲಿರುವ ಅದರ ಶಾಖೆಯ ಲೆಕ್ಕಕ್ಕೂ ಸಂಬಳ ಬಿದ್ದಿಲ್ಲ, ಈ ಮೂರೂ ಒಟ್ಟಿಗೆ ಇದ್ದರೆ ಆ ದೇಶ ತೆರಿಗೆ ಕೇಳುವುದಿಲ್ಲ. ಇದನ್ನು ಪಡೆಯಲು ಭಾರತದ ತೆರಿಗೆ ನಿವಾಸಿ ಎಂಬ ಪ್ರಮಾಣಪತ್ರ ಕೈಯಲ್ಲಿರಬೇಕು.

ಎರಡು ಕಡೆಯೂ ನಿವಾಸಿ ಆಗದಿದ್ದರೆ? ಅಳಿಯನ ಕಣ್ಣು ಮಿಂಚಿದ್ದು ಇಲ್ಲೇ. ಅದು ಹಬ್ಬವಲ್ಲ ಮಾರಾಯ ಅಂದೆ. ಬ್ಯಾಂಕು 'ನಿಮ್ಮ ತೆರಿಗೆ ದೇಶ ಯಾವುದು' ಅಂತ ಫಾರ್ಮಿನಲ್ಲಿ ಕೇಳುತ್ತದೆ, ಅದಕ್ಕೆ ಬರೆಯಲು ಉತ್ತರ ಬೇಕಲ್ಲ. ಸಂಬಳಕ್ಕೆ ತೆರಿಗೆಯೇ ಇಲ್ಲದ ದುಬೈಗೆ ಹೋಗುತ್ತೇನೆ ಅನ್ನುವವರಿಗೂ ನಮ್ಮ ಸರ್ಕಾರ ಒಂದು ಗೇಟು ಹಾಕಿಟ್ಟಿದೆ: ಹೊರಗಿನ ಆದಾಯ ಬಿಟ್ಟು ಉಳಿದ ಆದಾಯ 15 ಲಕ್ಷ ದಾಟಿದ್ದು, ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪೌರ ಒಂದು ದಿನ ಇಲ್ಲಿರದಿದ್ದರೂ ನಿವಾಸಿ ಎಂದೇ ಲೆಕ್ಕ. ಪೂರ್ತಿ ನಿವಾಸಿಯಲ್ಲ, ಅರ್ಧಂಬರ್ಧ ನಿವಾಸಿ. ಹೊರಗಿನ ಗಳಿಕೆಗೆಲ್ಲ ತೆರಿಗೆ ಬೀಳದು, ಆದರೆ ಇಲ್ಲಿಂದ ನಡೆಸುವ ವ್ಯಾಪಾರ ಅಥವಾ ಇಲ್ಲಿ ಶುರುಮಾಡಿದ ಕಸುಬಿನ ಗಳಿಕೆಗೆ ಬೀಳುತ್ತದೆ.

ಮತ್ತೊಂದು ಗುಂಡಿ ಇದೆ, ಅದನ್ನು ನನಗೆ ತೋರಿಸಿಕೊಟ್ಟವರೂ ತಾರ್ವಟಿಗಳೇ. ಅನಿವಾಸಿಯಾದರೂ ಹೊರಗೆ ದುಡಿದ ಸಂಬಳ ನೇರವಾಗಿ ಭಾರತದ ಖಾತೆಗೆ ಬಂದು ಬಿದ್ದರೆ, ಅದು 'ಭಾರತದಲ್ಲಿ ಸ್ವೀಕರಿಸಿದ ಆದಾಯ' ಆಗಿ ತೆರಿಗೆಗೆ ಸಿಗುತ್ತದೆ. ವಿದೇಶಕ್ಕೆ ಹೋಗಿಬರುವ ಹಡಗಿನಲ್ಲಿ ದುಡಿವ ಅನಿವಾಸಿ ನಾವಿಕರ ಸಂಬಳ, ಹೊರಗಿನ ಗಳಿಕೆ ಇಡಲು ಅನಿವಾಸಿಗಳಿಗೆ ಕೊಡುವ ಎನ್‌ಆರ್‌ಇ ಖಾತೆಗೆ ಬಂದರೆ ಬಿಟ್ಟುಬಿಡಿ ಅಂತ 2017ರಲ್ಲಿ ಸುತ್ತೋಲೆ ಬಂತು. ಅದು ಬರೆದದ್ದು ಹಡಗಿನವರಿಗಾಗಿ, ಲ್ಯಾಪ್‌ಟಾಪಿನವರಿಗಾಗಿ ಅಲ್ಲ. ಮೊದಲು ಹೊರಗಿನ ಖಾತೆಗೆ ಬರಲಿ, ಆಮೇಲೆ ಮನೆಗೆ ಕಳಿಸಿ. ಹಾಗೆಯೇ ವಿದೇಶಿ ವಿನಿಮಯದ ಕಾನೂನು, ಅಂದರೆ ಫೆಮಾ, ತೆರಿಗೆ ಕಾನೂನಿನ ದಿನಗಳಿಗೆ ಕಾಯುವುದಿಲ್ಲ. ಉದ್ಯೋಗಕ್ಕೆಂದು ಹೊರಟರೆ ಅದರ ಕಣ್ಣಿಗೆ ಹೊರಟ ದಿನವೇ ಅನಿವಾಸಿ, ಆಗ ಮಾಮೂಲಿ ಉಳಿತಾಯ ಖಾತೆಯನ್ನು ಅನಿವಾಸಿಗಳ ಇಲ್ಲಿನ ಗಳಿಕೆಗೆ ಇರುವ ಖಾತೆ, ಅಂದರೆ ಎನ್‌ಆರ್‌ಒ ಮಾಡಿಸಬೇಕು.

ಸಂಬಳ ಕೊಡುವವರ ಮಾತು ಬಿಟ್ಟೇ ಹೋಯಿತು. ನೌಕರರಾಗಿದ್ದರೆ ಕಂಪನಿಯ ಒಪ್ಪಿಗೆ ಬರಹದಲ್ಲಿ ಬೇಕೇ ಬೇಕು. 'ಮನೆಯಿಂದ ಕೆಲಸ' ಅಂದರೆ 'ಎಲ್ಲಿಂದಲಾದರೂ ಕೆಲಸ' ಅಲ್ಲ. ನೀವು ಚಿಯಾಂಗ್ ಮಾಯಿಯಲ್ಲಿ ವರ್ಷಗಟ್ಟಲೆ ಕೂತರೆ ನಿಮ್ಮಿಂದಾಗಿ ಕಂಪನಿಗೇ ಅಲ್ಲೊಂದು ಶಾಖೆ ಇದೆ ಅಂತ ಥಾಯ್ ತೆರಿಗೆಯವರು ವಾದಿಸಬಹುದು, ಕಂಪನಿಗಳು ಹೆದರುವುದು ಅದಕ್ಕೆ. ಹೇಳದೆ ಹೋಗುತ್ತೇನೆ ಅನ್ನಬೇಡಿ. ಲಾಗಿನ್ ಆದ ಕೂಡಲೇ ನೀವೆಲ್ಲಿದ್ದೀರಿ ಅನ್ನುವುದು ಅವರ ಸಿಸ್ಟಮ್ಮಿಗೆ ಗೊತ್ತು.

ಗಡಿಯಾರ

ಎರಡನೆಯ ರಾತ್ರಿ ಕರೆಂಟು ಇತ್ತು, ಅಳಿಯ ಮೀಟಿಂಗಿನಲ್ಲಿದ್ದ. ಬರ್ಲಿನ್ನಿನ ತಂಡ ಬೆಳಗ್ಗೆ 10ರಿಂದ ಸಂಜೆ 6ರವರೆಗೆ ಕೂರುತ್ತದೆ. ನಮಗೆ ಬೇಸಿಗೆಯಲ್ಲಿ ಅದು ಮಧ್ಯಾಹ್ನ ಒಂದೂವರೆಯಿಂದ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಇನ್ನೊಂದು ತಾಸು ಮುಂದಕ್ಕೆ. ಯುರೋಪಿನವರು ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ.

ಇದೇ ತಂಡದ ಜೊತೆ ಕೌಲಾಲಂಪುರದಿಂದ ಕೆಲಸ ಮಾಡಿದರೆ ಚಳಿಗಾಲದಲ್ಲಿ ಸಂಜೆ 5ರಿಂದ ರಾತ್ರಿ 1. ಚಿಯಾಂಗ್ ಮಾಯಿಯಿಂದ 4ರಿಂದ ನಡುರಾತ್ರಿ 12. ಮಾರಿಷಸ್, ದುಬೈ, ಜಾರ್ಜಿಯಾದ ತ್ಬಿಲಿಸಿ, ಮೂರೂ ನಮಗಿಂತ ಒಂದೂವರೆ ತಾಸು ಹಿಂದೆ. ಅಲ್ಲಿ ಮಧ್ಯಾಹ್ನ 1ರಿಂದ ರಾತ್ರಿ 9, ಬೆಳಗ್ಗೆ ಪೂರ್ತಿ ನಿಮ್ಮದು. ಲಿಸ್ಬನ್ನಿನಲ್ಲಿ ವರ್ಷವಿಡೀ 9ರಿಂದ 5. ಅದೇ ಲಿಸ್ಬನ್ ಭಾರತದ ಕಂಪನಿಗೆ ದುಡಿಯುವವನಿಗೆ ನರಕ: ಇಲ್ಲಿನ ಒಂಬತ್ತೂವರೆಗೆ ಹಾಜರಾಗಲು ಚಳಿಗಾಲದಲ್ಲಿ ಅಲ್ಲಿ ಬೆಳಗಿನ ಜಾವ 4ಕ್ಕೆ ಏಳಬೇಕು. ಅವನಿಗೆ ಕೌಲಾಲಂಪುರವೇ ಸೈ, ಮಧ್ಯಾಹ್ನ 12ರಿಂದ ರಾತ್ರಿ 9. ನ್ಯೂಯಾರ್ಕಿನ ಜೊತೆ ಕೆಲಸವಿದ್ದರೆ ಮತ್ತೆ ಲಿಸ್ಬನ್ನೇ ರಾಜ, 2ರಿಂದ 10. ಕೌಲಾಲಂಪುರದಲ್ಲಿ ಆತ ಚಳಿಗಾಲದ ರಾತ್ರಿ 10ಕ್ಕೆ ಶುರುಮಾಡಿ ಬೆಳಗ್ಗೆ 6ಕ್ಕೆ ಮುಗಿಸುವ ಕಾವಲುಗಾರ.

ಹಾಗಾಗಿ 'ಯಾವ ಊರು ಒಳ್ಳೆಯದು' ಅಂತ ಕೇಳುವವನಿಗೆ 'ನಿನ್ನ ಗಿರಾಕಿ ಎಲ್ಲಿದ್ದಾನೆ' ಅಂತ ಮರುಪ್ರಶ್ನೆ ಹಾಕಬೇಕು. ಅಮೆರಿಕಕ್ಕಾಗಿ ರಾತ್ರಿ ಎದ್ದಿದ್ದು ಬೆನ್ನು, ನಿದ್ದೆ ಎರಡನ್ನೂ ಕಳಕೊಂಡ ಪುಣೆಯ ಹುಡುಗರನ್ನು ನಾನು ನೋಡಿದ್ದೇನೆ. ಬಾಡಿಗೆಯಲ್ಲಿ ತಿಂಗಳಿಗೆ ಹತ್ತು ಸಾವಿರ ಉಳಿಯಿತು ಅಂತ ಅದೇ ಶಿಕ್ಷೆಯನ್ನು ಸಮುದ್ರದ ದಡಕ್ಕೆ ಹೊತ್ತುಕೊಂಡು ಹೋಗುವುದರಲ್ಲಿ ಏನು ಸುಖ?

ಕೆಟ್ಟ ತಿಂಗಳಲ್ಲಿ ನೋಡಿ

ಡಿಸೆಂಬರಿನಲ್ಲಿ ಗೋವಾ ನೋಡಿ ಮರುಳಾಗಿ ವರ್ಷದ ಬಾಡಿಗೆ ಕೊಟ್ಟು, ಜುಲೈಯಲ್ಲಿ ಗೋಡೆಗೆ ಬೂಸ್ಟು ಹಿಡಿದು, ಚಪ್ಪಲಿಗೆ ಅಣಬೆ ಬಂದು, ಇಂಟರ್ನೆಟ್ ಸತ್ತು ಓಡಿಹೋದ ಬಿಳಿಯರನ್ನೂ ದಿಲ್ಲಿಯವರನ್ನೂ ನಾವು ಎಷ್ಟು ಕಂಡಿಲ್ಲ. ನಾವು ಹೊರಡುವಾಗ ನಾವೇ ಆ ಬಿಳಿಯರು. ಚಿಯಾಂಗ್ ಮಾಯಿಯ ಚಿತ್ರಗಳೆಲ್ಲ ನವೆಂಬರಿನವು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಹೊಲಗಳಿಗೂ ಕಾಡಿಗೂ ಬೆಂಕಿ ಇಟ್ಟ ಹೊಗೆ ಬೆಟ್ಟಗಳ ನಡುವೆ ನಿಂತುಬಿಡುತ್ತದೆ, ಆಗ ಅದು ಜಗತ್ತಿನ ಅತಿ ಕೆಟ್ಟ ಗಾಳಿಯ ಊರುಗಳ ಸಾಲಿಗೆ ಸೇರುತ್ತದೆ. ಲಿಸ್ಬನ್ನಿನ ಹಳೆಯ ಮನೆಗಳಲ್ಲಿ ಚಳಿಗಾಲಕ್ಕೆ ಬಿಸಿ ಮಾಡುವ ವ್ಯವಸ್ಥೆ ಇಲ್ಲದ್ದೇ ಹೆಚ್ಚು, ಗೋಡೆಯೊಳಗಿಂದ ಬರುವ ಥಂಡಿ ಎಲುಬಿಗೆ ಹತ್ತುತ್ತದೆ. ದುಬೈಯ ಜುಲೈ ಬಗ್ಗೆ ನಮ್ಮವರಿಗೆ ಹೇಳಬೇಕಿಲ್ಲ. ಅಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ ಅನ್ನುವುದನ್ನು ಮಾತ್ರ ಹೇಳಬೇಕು. ಸಂಜೆ ಆರಕ್ಕೆ ಅವ್ವನ ಮುಖ ನೋಡುವ ರೂಢಿ ಇದ್ದವರು ಹೊರಡುವ ಮೊದಲೇ ಅವ್ವನ ಫೋನಿಗೆ ಬೇರೆ ಆ್ಯಪ್ ಹಾಕಿಕೊಟ್ಟು, ಒತ್ತುವುದು ಎಲ್ಲಿ ಅಂತ ಕಲಿಸಿ ಹೋಗಬೇಕು.

ಬಾಲಿಯಲ್ಲಿ ವರ್ಷಕ್ಕೊಂದು ದಿನ ಊರಿಗೆ ಊರೇ ಬಂದ್. ನ್ಯೆಪಿ ಎಂಬ ಮೌನದ ದಿನ, ಅವರ ಶಕ ವರ್ಷದ ಮೊದಲ ದಿನ. ವಿಮಾನ ನಿಲ್ದಾಣ ಮುಚ್ಚುತ್ತದೆ, ಯಾರೂ ಬೀದಿಗೆ ಬರುವಂತಿಲ್ಲ, 2018ರಿಂದ ಮೊಬೈಲ್ ಇಂಟರ್ನೆಟ್ ಕೂಡ ನಿಲ್ಲಿಸುತ್ತಾರೆ. ಅಂದು ಬರ್ಲಿನ್ನಿಗೆ ಮೀಟಿಂಗ್ ಇದ್ದರೆ ದೇವರೇ ಗತಿ. 2026ರಲ್ಲಿ ಅದೂ ನಮ್ಮ ಯುಗಾದಿಯೂ ಒಂದೇ ದಿನ ಬಂದವು, ಮಾರ್ಚ್ 19. ಇದನ್ನು ಕೇಳಿ ಅಳಿಯನಿಗೆ ಬಾಲಿಯ ಮೇಲೆ ಪ್ರೀತಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಪ್ರೀತಿಯ ಮಾತು ಬೇರೆ, 60,000 ಡಾಲರ್ ಬೇರೆ.

ಊಟದ ಬಗ್ಗೆ ಎರಡೇ ಮಾತು. ಥಾಯ್ಲೆಂಡಿನಲ್ಲಿ 'ವೆಜಿಟೇರಿಯನ್' ಅಂದರೂ ಮೀನಿನ ಸಾಸ್ ಬಂದೀತು. ಕೇಳಬೇಕಾದ ಪದ 'ಜೇ', ಹಳದಿ ಬಾವುಟದ ಮೇಲೆ ಕೆಂಪಗೆ ಬರೆದಿರುತ್ತಾರೆ. ಅದರಲ್ಲಿ ಮೀನು ಮೊಟ್ಟೆಯಷ್ಟೇ ಅಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿಯೂ ಇರುವುದಿಲ್ಲ, ನಮ್ಮ ಏಕಾದಶಿಯವರಿಗೆ ಹೇಳಿ ಮಾಡಿಸಿದ್ದು. ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆಲೆ ಊಟ, ದೋಸೆ ಬೀದಿಗೊಂದು. ಜೋಳದ ರೊಟ್ಟಿ ಮಾತ್ರ ಎಲ್ಲೂ ಇಲ್ಲ, ಒಣಗಿದ ಕಡಕ್ ರೊಟ್ಟಿ ಕಟ್ಟಿಕೊಂಡು ಹೋಗುವುದೇ.

ಹಣ ಒಯ್ಯುವುದರಲ್ಲೂ ಒಂದು ಗಡಿ ಇದೆ. ಇಲ್ಲಿನ ಉಳಿತಾಯವನ್ನು ನಿವಾಸಿ ಭಾರತೀಯ ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ಓದು, ಚಿಕಿತ್ಸೆ ಬಿಟ್ಟು ಇಂಥ ಖರ್ಚಿಗೆ 10 ಲಕ್ಷ ರೂಪಾಯಿ ದಾಟಿದ ಭಾಗದ ಮೇಲೆ ಬ್ಯಾಂಕು 20% ಮುಂಗಡ ತೆರಿಗೆ ಹಿಡಿಯುತ್ತದೆ. ರಿಟರ್ನ್ ತುಂಬಿದ ಮೇಲೆ ಹೊಂದಿಕೆಯಾಗುತ್ತದೆ, ಅಲ್ಲಿಯವರೆಗೆ ದುಡ್ಡು ಸಿಕ್ಕಿಹಾಕಿಕೊಂಡಂತೆ. ಇನ್ನು ಹಳೆಯ ಸಿಮ್ ಕಾರ್ಡ್. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ರೀಚಾರ್ಜ್ ಮರೆತು ನಂಬರು ಸತ್ತರೆ ನಿಮ್ಮ ಹಣ ನಿಮಗೇ ಸಿಗುವುದಿಲ್ಲ. ಮನೆಯ ಆರೋಗ್ಯ ವಿಮೆ ಬಹುಪಾಲು ಭಾರತದ ಆಸ್ಪತ್ರೆಗಷ್ಟೇ ಅನ್ನುವುದನ್ನೂ ಪಾಲಿಸಿ ತೆಗೆದು ಓದಿಕೊಳ್ಳಿ.

ಹೋದ ಊರು ನಿಮ್ಮನ್ನು ಹೇಗೆ ನೋಡುತ್ತದೆ ಎಂಬ ಕಾಲಂ ಕೂಡ ಹಾಳೆಯಲ್ಲಿರಲಿ. ಲಿಸ್ಬನ್ನಿನಲ್ಲಿ ಹೊರಗಿನ ಸಂಬಳದವರು ಬಂದು ಬಾಡಿಗೆ ಏರಿತು ಅಂತ ಊರವರು ಬೀದಿಗಿಳಿದಿದ್ದಾರೆ. ಅಸಗಾಂವ್, ಶಿವೋಲಿಯ ಗೋವಾದವರ ದೂರೂ ಅದೇ. ಇಲ್ಲಿ ಬಾಳಿದ ಕನ್ನಡಿಗರಿಗೆ ಇದರ ಇನ್ನೊಂದು ಮುಖವೂ ಗೊತ್ತು. ಲ್ಯಾಪ್‌ಟಾಪ್ ಹಿಡಿದು ಬಂದವನು ಇಲ್ಲಿ 'ಎಕ್ಸ್‌ಪ್ಯಾಟ್', ಬಾಂಡ್ಲಿ ಹಿಡಿದು ಗದಗ, ಬಾಗಲಕೋಟೆಯಿಂದ ಬಂದವನು 'ಘಾಟಿ', ಅಂದರೆ ಘಟ್ಟದಾಚೆಯವನು. ಊರು ಕಟ್ಟಿದವರು ಎರಡನೆಯವರು, ಬಾಡಿಗೆ ಏರಿಸಿದವರು ಮೊದಲನೆಯವರು. ಬೈಗುಳ ಬಿದ್ದದ್ದು ಮಾತ್ರ ತಿರುವುಮುರುವು.

ಹನ್ನೊಂದು ಊರಲ್ಲಿ ಕೊನೆಗೆ ಉಳಿದದ್ದು ಎರಡು, ಮಾರಿಷಸ್ ಮತ್ತು ಚಿಯಾಂಗ್ ಮಾಯಿ. ಗಡಿಯಾರ, ಆದಾಯದ ಷರತ್ತು ಎರಡಕ್ಕೂ ಮೊದಲನೆಯದು ಹೊಂದಿತು. ಅಡುಗೆಮನೆಯ ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರ್ ಇಳಿಸಿ ಇಬ್ಬರೂ ಕೂತೆವು. ಚೌತಿ ಮುಗಿಸಿ ಸೆಪ್ಟೆಂಬರ್ 20ಕ್ಕೆ ಹೊರಡುವುದು ಅಂತ ಗೊತ್ತುಮಾಡಿದೆವು. ಆ ಹೊತ್ತಿಗೆ ಭಾರತದಲ್ಲಿದ್ದ ದಿನ 173. ಅಳಿಯ ಪೆನ್ಸಿಲಿನಿಂದ ಗುಂಡಗೆ ಗುರುತು ಹಾಕಿ ಧಾರವಾಡಕ್ಕೆ ಫೋನು ಹಚ್ಚಿದ. ಅತ್ತಲಿಂದ ಅಕ್ಕ ಮೊದಲು ಹೇಳಿದ್ದೇ ಡಿಸೆಂಬರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ ನಿಶ್ಚಯವಾದ ಸುದ್ದಿ. ಹದಿನೈದು ದಿನ ಮೊದಲೇ ಬಂದುಬಿಡಬೇಕಂತೆ.

ಅಳಿಯ ನನ್ನ ಮುಖ ನೋಡಿದ. ನಾನು ಬೆರಳು ತೋರಿಸಿದೆ. ಬಂದ ದಿನ, ಹೋದ ದಿನ ಎರಡೂ ಸೇರಿ ಎಂಟು, ಒಂಬತ್ತಾದರೆ 182.

"ಅವ್ವಾ, ಎಂಟ ದಿನಾ ಅಷ್ಟ ಬರಾಕ ಆಗ್ತದ."

"ಎಂಟ ದಿನದಾಗ ಅರಿಷಿಣ ಹಚ್ಚೂದೂ ಮುಗ್ಯಾಂಗಿಲ್ಲೋ. ಯಾರು ಹೇಳಿದ್ರು ನಿನಗ ಇದನ್ನ? ನಿಮ್ಮ ಮಾಮಾನ ಕೈಯಾಗ ಫೋನ್ ಕೊಡು."